ಅಪ್ಪಯ್ಯನ ಕೋವಿಯ ಹದಿಮೂರು ದಿನಗಳು

ಕೋಲಸಿರ್ಸಿಯ ನನ್ನ ತವರುಮನೆಯಲ್ಲಿ ಒಂದು ಕೋವಿ ಇತ್ತು. ಒಂಟಿ ನಳಿಗೆಯದು, ಬಾಯಿಯಿಂದ ಮದ್ದು ತುಂಬಿ, ಗಜವೆಂಬ ಸರಳಿನಿಂದ ಜಡಿದು, ಹಿಂಬದಿಯ ಮೊಳೆಗೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಇಟ್ಟು ಹೊಡೆಯಬೇಕಾದಂಥದ್ದು. ಅದು ಅಪ್ಪಯ್ಯನದಾಗಿತ್ತು ಎಂದು ಬರೆಯಲು ಹೊರಟೆ. ಆದರೆ ಅದನ್ನು ಇಟ್ಟುಕೊಳ್ಳುವ ಅನುಮತಿ ಅಪ್ಪಯ್ಯನ ಹೆಸರಿನಲ್ಲಿತ್ತು ಎಂದು ಬರೆಯುವುದೇ ಹೆಚ್ಚು ಸರಿಯಾದೀತು. ಇಪ್ಪತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಆದರೂ ಈ ಎರಡು ಮಾತುಗಳ ನಡುವಿನ ದೂರ ಎಷ್ಟೆಂಬುದನ್ನು ತಿಳಿಯಲು ನನಗೆ ಒಂದು ಸಾವು, ಒಂದು ವಿಚಾರಣೆ ಮತ್ತು ತಮ್ಮನ ಒಂದು ವರ್ಷದ ಮೌನ ಬೇಕಾಯಿತು.

ಲೈಸೆನ್ಸ್ ಪುಸ್ತಕದ ಎರಡನೆಯ ಪುಟದಲ್ಲಿ "ಬೆಳೆ ರಕ್ಷಣೆಗಾಗಿ" ಎಂದು ಬರೆದಿತ್ತು. ನಾವು ಮಾಂಸ ತಿನ್ನುವ ಮನೆಯವರಲ್ಲ. ಆ ಕೋವಿಯಿಂದ ಒಂದು ಮೊಲ ಸತ್ತದ್ದನ್ನೂ ನಾನು ಕಂಡಿಲ್ಲ. ಗದ್ದೆಗೆ ಹಂದಿ ಇಳಿದಾಗ, ಬಾಳೆಗೆ ಮಂಗಗಳು ಬಂದಾಗ, ಅಪ್ಪಯ್ಯ ಸೀಸದ ಚರೆ ಹಾಕದೆ ಬರಿಯ ಮದ್ದು ತುಂಬಿ ಆಕಾಶಕ್ಕೆ ಹೊಡೆಯುತ್ತಿದ್ದರು. ನಮಗೆ ಬೇಕಾಗಿದ್ದದ್ದು ಶಬ್ದ. ಒಂದು ಶಬ್ದಕ್ಕೆ ಒಂದು ಕೇಪು. ಆ ಕೇಪಿನ ಲೆಕ್ಕವನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು: ಇಂಥ ದಿನ, ಇಂಥ ಕಾರಣ, ಒಂದು, ಉಳಿದದ್ದು ಇಷ್ಟು. ಹೀಗೆ ಬರೆಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಸ್ವಭಾವ ಎಲ್ಲಿಂದ ಬಂತೆಂದು ಕೇಳುವವರಿಗೆ ಆಯಿ, ಅಂದರೆ ನನ್ನ ತಾಯಿ, ಆ ನೋಟ್‌ಬುಕ್ಕನ್ನು ತೋರಿಸುತ್ತಿದ್ದಳು.

ಚುನಾವಣೆ ಘೋಷಣೆಯಾದ ಕೂಡಲೇ ಊರಿನ ಕೋವಿಗಳೆಲ್ಲ ಸಿದ್ದಾಪುರದ ಠಾಣೆಗೆ ಹೋಗಬೇಕಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಒಂದರ ಹಿಂದೊಂದು ಚುನಾವಣೆ ಬಂದು, ಕೋವಿ ಮನೆಯಲ್ಲಿದ್ದದ್ದಕ್ಕಿಂತ ಠಾಣೆಯಲ್ಲಿದ್ದದ್ದೇ ಹೆಚ್ಚು ಎನಿಸುತ್ತಿತ್ತು. ಅಪ್ಪಯ್ಯ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಾಳೆನಾರಿನಿಂದ ಮೂರು ಕಡೆ ಕಟ್ಟಿ, ಬೆಳಗಿನ ಬಸ್ಸು ಹತ್ತುತ್ತಿದ್ದರು. ಬಸ್ಸಿನಲ್ಲಿ ಅಂಥ ಪಂಚೆಯ ಕಟ್ಟುಗಳು ಇನ್ನೂ ನಾಲ್ಕೈದು ಇರುತ್ತಿದ್ದವು. ಕಂಡಕ್ಟರು ಪ್ರತಿ ಸಲವೂ ಒಂದೇ ಹಾಸ್ಯ ಮಾಡುತ್ತಿದ್ದ: "ಹಿಂದಿನ ಸೀಟಿನವರು ಜಗಳ ಆಡಬೇಡಿ ಮಾರಾಯ್ರೆ, ಇವತ್ತು ಎಲ್ಲರ ಹತ್ರ ಸಾಮಾನು ಇದೆ." ಠಾಣೆಯಲ್ಲಿ ಸಾಲು ನಿಂತು, ನಳಿಗೆಗೆ ಚೀಟಿ ಕಟ್ಟಿಸಿ, ರಸೀದಿ ಪಡೆದು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಮನೆಗೆ ಮರಳುವುದು ಒಂದು ಪದ್ಧತಿಯಾಗಿತ್ತು. ಅದರಲ್ಲಿ ಅವಮಾನವಿದೆಯೆಂದು ಯಾರಿಗೂ ಅನಿಸುತ್ತಿರಲಿಲ್ಲ.

ಅನಿಸಬಹುದೆಂದು ನನಗೆ ತಿಳಿದದ್ದು ಒಬ್ಬ ಅಮೆರಿಕನ್ನನಿಂದ.

ಅವನು ಯಲ್ಲಾಪುರದ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗಳ ಅಧ್ಯಯನಕ್ಕೆಂದು ಬಂದಿದ್ದ. ವಯಸ್ಸು ಮೂವತ್ತರ ಆಚೀಚೆ. ನಾನು ಮದುವೆಯಾಗಿ ಶಿರಸಿಯಲ್ಲಿದ್ದೆ, ಅಲ್ಲಿಯೇ ಶಾಲೆಯಲ್ಲಿದ್ದೆ. ಅವನು ಪ್ರತಿ ಭಾನುವಾರ ಯಲ್ಲಾಪುರದಿಂದ ಬಸ್ಸಿನಲ್ಲಿ ಬಂದು ನನ್ನಲ್ಲಿ ಕನ್ನಡ ಕಲಿಯುತ್ತಿದ್ದ. ಬೀದಿಯ ಕನ್ನಡವನ್ನು ಬೀದಿಯಲ್ಲಿ ಕಲಿಯಬಹುದು, ನಾನು ಕಲಿಸುವುದು ಬರೆಯುವ ಕನ್ನಡವನ್ನು ಎಂದು ಮೊದಲ ದಿನವೇ ಹೇಳಿದ್ದೆ. ಪರಿಣಾಮವಾಗಿ ಅವನು ಹಾಲಿನವನೊಡನೆಯೂ ವಿಭಕ್ತಿಪ್ರತ್ಯಯ ತಪ್ಪದೆ ಮಾತನಾಡುತ್ತಿದ್ದ. ಒಮ್ಮೆ ಅವನನ್ನು ಕೋಲಸಿರ್ಸಿಗೆ ಕರೆದುಕೊಂಡು ಹೋದೆ. ತಮ್ಮ ಅವನ ಮಾತು ಕೇಳಿ ಒಳಗೆ ಬಂದು, "ಅಕ್ಕಾ, ಇಂವ ಪಾಠಪುಸ್ತಕ ನುಂಗಿಕಂಡು ಬಂದವನ ಹಾಂಗೆ ಮಾತಾಡ್ತನಲೇ" ಎಂದು ಬಾಯಿ ಮುಚ್ಚಿಕೊಂಡು ನಕ್ಕ.

ಅಂದು ಅಪ್ಪಯ್ಯ ಜಗಲಿಯಲ್ಲಿ ಕುಳಿತು ಕೋವಿಯನ್ನು ಪಂಚೆಯಲ್ಲಿ ಸುತ್ತುತ್ತಿದ್ದರು. ಮರುದಿನ ಠಾಣೆಗೆ ಒಯ್ಯಬೇಕಿತ್ತು. ಅತಿಥಿ ಕೇಳಿದ: "ತಾವು ಇದನ್ನು ಎಲ್ಲಿಗೆ ಕೊಂಡೊಯ್ಯುತ್ತೀರಿ?"

ಅಪ್ಪಯ್ಯ ವಿವರಿಸಿದರು. ಅವನು ಪಂಚೆಯ ಕಟ್ಟನ್ನು ನೋಡುತ್ತ, "ತಾವು ಯಾವುದಾದರೂ ಅಪರಾಧವನ್ನು ಮಾಡಿದ್ದೀರಾ?" ಎಂದ.

"ಎಂತಕ್ಕೆ? ಮಾಡಿದವರಿಗೆ ಲೈಸೆನ್ಸ್ ಕೊಡ್ತಾರಾ?" ಎಂದು ಅಪ್ಪಯ್ಯ ನಕ್ಕರು. "ನಿಮ್ಮಲ್ಲಿ ಹ್ಯಾಂಗೆ?"

ಅವನ ತಂದೆಯ ಮನೆಯಲ್ಲಿ ಆರು ಬಂದೂಕುಗಳಿದ್ದವಂತೆ. ಅವರ ಸೀಮೆಯಲ್ಲಿ ಅವಕ್ಕೆ ಪುಸ್ತಕವಿಲ್ಲ, ನವೀಕರಣವಿಲ್ಲ. "ನನಗೆ ಹನ್ನೆರಡು ವರ್ಷ ವಯಸ್ಸಾದಾಗ ನನ್ನ ತಂದೆಯವರು ನನಗೆ ಒಂದನ್ನು ಕೊಟ್ಟರು. ಅವರಿಗೆ ಅದನ್ನು ಅವರ ತಂದೆಯವರು ಕೊಟ್ಟಿದ್ದರು" ಎಂದ.

"ಚುನಾವಣೆಗೆ?"

"ಯಾರೂ ಕೇಳುವುದಿಲ್ಲ. ಕೇಳಿದರೆ ನನ್ನ ತಂದೆಯವರು ಕೊಡುವುದಿಲ್ಲ. ಅದು ಅವರ ಹಕ್ಕು. ಕೇಳುವ ಸರಕಾರವನ್ನು ಅವರು ಸಂದೇಹಿಸುತ್ತಾರೆ."

ಅಪ್ಪಯ್ಯ ಗಂಟು ಬಿಗಿಯುವುದನ್ನು ನಿಲ್ಲಿಸಿದರು. "ಎಲ್ಲರ ಕೈಯಲ್ಲೂ ಕೋವಿ ಇಟ್ಟುಕೊಂಡು ವೋಟು ಹ್ಯಾಂಗೆ ಹಾಕ್ತಾರೆ ಮಾರಾಯ್ರೆ? ಸೋತವ ಸುಮ್ಮನೆ ಇರ್ತಾನಾ?"

"ಇರುತ್ತಾನೆ" ಎಂದು ಅವನು ಹೇಳಿದ. ಅನಂತರ, ಬೇರೆ ಧ್ವನಿಯಲ್ಲಿ, ತನ್ನ ತರಗತಿಯ ಹುಡುಗಿಯೊಬ್ಬಳು ಅವಳ ಚಿಕ್ಕಪ್ಪನ ಬಂದೂಕಿನಿಂದ ಸತ್ತಳೆಂದೂ, ಯಾರೂ ಬೇಕೆಂದು ಮಾಡಿದ್ದಲ್ಲವೆಂದೂ, ಅದರ ಬಳಿಕವೂ ಊರಿನಲ್ಲಿ ಯಾರೂ ತಮ್ಮ ಕಪಾಟನ್ನು ಖಾಲಿ ಮಾಡಲಿಲ್ಲವೆಂದೂ ಹೇಳಿದ. ಆಯಿ ತಂದಿಟ್ಟ ಚಹಾ ಆರುವವರೆಗೂ ಅವನು ಅದನ್ನು ಮುಟ್ಟಲಿಲ್ಲ. ಅಪ್ಪಯ್ಯ ಮೂರನೆಯ ಗಂಟನ್ನು ಕಟ್ಟಿ ಮುಗಿಸಿದರು.

ಅದರ ಮರುವರ್ಷ, ಭತ್ತ ಹೊಡೆ ತುಂಬುವ ಕಾಲದಲ್ಲಿ, ಅಪ್ಪಯ್ಯ ತೀರಿಕೊಂಡರು. ಎದೆನೋವೆಂದು ಮಲಗಿದವರು ಏಳಲಿಲ್ಲ. ಕೋವಿ ಆಗ ಮನೆಯಲ್ಲಿತ್ತು.

ಲೈಸೆನ್ಸ್ ಪುಸ್ತಕದ ಕೊನೆಯ ಪುಟದ ಷರತ್ತುಗಳನ್ನು ನಮ್ಮ ಮನೆಯಲ್ಲಿ ಪೂರ್ತಿ ಓದಿದವರು ಇಬ್ಬರು. ಒಬ್ಬರು ಅಪ್ಪಯ್ಯ, ಇನ್ನೊಬ್ಬಳು ನಾನು. ಅನುಮತಿ ಪಡೆದವನು ಸತ್ತರೆ ಆಯುಧವನ್ನು ತಡಮಾಡದೆ ಠಾಣೆಗೆ ಒಪ್ಪಿಸಬೇಕು. ವಾರಸುದಾರನು ಬೇರೆಯಾಗಿ ಅರ್ಜಿ ಹಾಕಬೇಕು. ಎರಡನೆಯ ದಿನ ನಾನು ಆಯಿಯ ಹತ್ತಿರ ಈ ಮಾತೆತ್ತಿದೆ. ಅವಳು ಗೋಡೆಗೆ ಒರಗಿ ಕುಳಿತಿದ್ದಳು.

"ಸೂತಕದ ಮನೆಯಿಂದ ಅವ್ರು ಮುಟ್ಟಿದ ಸಾಮಾನು ಹೊರಗೆ ಹೋಪ್ಲಾಗ" ಎಂದಳು. "ಹದಿಮೂರು ಕಳೀಲಿ. ಅವ್ರ ಕೋಲು, ಕನ್ನಡಕ, ಕೋವಿ, ಯಾವ್ದನ್ನೂ ಅಲ್ಲಾಡ್ಸಡ."

ತರಗತಿಯಲ್ಲಿ ಒಂದು ಅಲ್ಪಪ್ರಾಣ ಮಹಾಪ್ರಾಣವಾದರೆ ಬೋರ್ಡಿನ ಬಳಿಗೆ ಕರೆಸುತ್ತಿದ್ದ ನಾನು ಆ ಹೊತ್ತಿನಲ್ಲಿ "ಆತು ಆಯಿ" ಎಂದೆ. ತಮ್ಮನಿಗೂ ಏನೂ ಹೇಳಲಿಲ್ಲ. ತಪ್ಪು ಆಯಿಯದಲ್ಲ, ಅವಳಿಗೆ ತಿಳಿದಿದ್ದದ್ದು ಒಂದೇ ಕಟ್ಟಳೆ. ನನಗೆ ಎರಡೂ ತಿಳಿದಿದ್ದವು.

ಹತ್ತನೆಯ ದಿನ ಗದ್ದೆಯಂಚಿನ ಕಲ್ಲಿನ ಮೇಲೆ ಕಾಗೆಗೆಂದು ಪಿಂಡದ ಅನ್ನ ಇಟ್ಟು ಎಲ್ಲರೂ ದೂರ ನಿಂತಿದ್ದೆವು. ಕಾಗೆ ಬರಲಿಲ್ಲ, ಮಂಗಗಳು ಬಂದವು. ದೊಡ್ಡದೊಂದು ಗಡವ ಕಲ್ಲಿನ ಮೇಲೆ ಕುಳಿತೇಬಿಟ್ಟಿತು. ತಮ್ಮ ಕಲ್ಲೆಸೆದ, ಕೂಗಿದ. ಅದು ಅನ್ನಕ್ಕೆ ಕೈ ಹಾಕಿತು. ಅವನು ಒದ್ದೆ ಪಂಚೆಯಲ್ಲೇ ಮನೆಗೆ ಓಡಿ, ಕೋವಿ ತಂದು, ಅಪ್ಪಯ್ಯ ಮಾಡುತ್ತಿದ್ದಂತೆಯೇ ಬರಿಯ ಮದ್ದು ತುಂಬಿ ಆಕಾಶಕ್ಕೆ ಹೊಡೆದ. ಮಂಗಗಳು ಓಡಿದವು. ಆಚೆ ಮಾವಿನ ಮರದಲ್ಲಿ ಅಷ್ಟು ಹೊತ್ತಿನಿಂದ ಸಮಯ ಕಾಯುತ್ತಿದ್ದ ಎಂಟು ಹತ್ತು ಕಾಗೆಗಳೂ ಹಾರಿಹೋದವು.

"ಎಂತ ಮಾಡಿದ್ಯೋ ಮಾರಾಯ!" ಎಂದರು ಪುರೋಹಿತ ಭಟ್ಟರು. "ಇನ್ನು ಅವು ಘಟ್ಟ ಇಳ್ದು ಹೋದ್ವು. ಹೋಗಿ ಕರ್ಕಂಡು ಬಾ."

ಹೊಸದಾಗಿ ಇಟ್ಟ ಅನ್ನವನ್ನು ಕಾಗೆ ಮುಟ್ಟುವಾಗ ಎರಡು ತಾಸು ಕಳೆದಿತ್ತು. ತಮ್ಮ ಅಷ್ಟು ಹೊತ್ತೂ ಬಿಸಿಲಿನಲ್ಲಿ ಕೈಮುಗಿದೇ ನಿಂತಿದ್ದ.

ಹದಿನಾಲ್ಕನೆಯ ದಿನ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಅದರೊಡನೆ ಮದ್ದು, ಕೇಪು ಮತ್ತು ಅಪ್ಪಯ್ಯನ ನೋಟ್‌ಬುಕ್ಕನ್ನೂ ಒಪ್ಪಿಸಬೇಕಾಯಿತು. ಹದಿಮೂರು ದಿನ ಆಯುಧವು ಯಾರ ವಶದಲ್ಲಿತ್ತು, ತಡವೇಕೆ ಎಂಬುದನ್ನು ಬರೆದು ಅರ್ಜಿಯ ಜೊತೆಗೆ ಲಗತ್ತಿಸಿರೆಂದು ಅಲ್ಲಿ ಸೌಜನ್ಯದಿಂದಲೇ ತಿಳಿಸಿದರು. ಅರ್ಜಿ ತಮ್ಮನದು. ಆ ಕೋವಿ ಅವನ ಹೆಸರಿಗೆ ಬರದಿದ್ದರೆ ಹೊಡೆ ತುಂಬಿದ ಗದ್ದೆಯನ್ನು ಹಂದಿಗೆ ಬಿಟ್ಟಂತೆ. ಅವನಿಗೆ ಬೇರೆ ಉದ್ಯೋಗವಿರಲಿಲ್ಲ. ವರ್ಷದ ಅಕ್ಕಿ ಆ ಗದ್ದೆಯದೇ. ಬರೆಯುವ ಕೆಲಸ, ಎಂದಿನಂತೆ, ನನ್ನದು.

ನೆರೆಮನೆಯ ಭಾವ ಸಂಜೆಗೆ ಬಂದು ಕುಳಿತರು. ಅವರ ಬಳಿಯೂ ಲೈಸೆನ್ಸಿನ ಕೋವಿ ಇತ್ತು. "ಯಂತದೂ ತಲೆಬಿಸಿ ಬ್ಯಾಡ. ಸತ್ತ ದಿನವೇ ನನ್ನ ಮನೆಯಲ್ಲಿ ತಂದಿಟ್ಟಿದ್ರು ಹೇಳಿ ಬರಿ. ಆನು ಸಹಿ ಹಾಕ್ತಿ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ನೆರೆಮನೆಯವರು ಹಾಗೆಯೇ ಹೇಳಬೇಕು.

ನಾನು ಒಪ್ಪಲಿಲ್ಲ. ಇದ್ದದ್ದನ್ನು ಇದ್ದಂತೆ ಒಂದೂವರೆ ಪುಟ ಬರೆದೆ: ಮರಣದ ದಿನ, ಸೂತಕದ ಕಾರಣ, ಹತ್ತನೆಯ ದಿನದ ಒಂದು ಹೊಡೆತ. ಕೊನೆಯದನ್ನು ಬರೆಯುವುದೋ ಬೇಡವೋ ಎಂದು ಒಂದು ದಿನವಿಡೀ ಯೋಚಿಸಿದೆ. ಅಪ್ಪಯ್ಯನ ನೋಟ್‌ಬುಕ್ಕಿನ ಲೆಕ್ಕದಲ್ಲಿ ಉಳಿದ ಕೇಪುಗಳು ಇಪ್ಪತ್ತಮೂರು, ಡಬ್ಬಿಯಲ್ಲಿದ್ದದ್ದು ಇಪ್ಪತ್ತೆರಡು. ಬರೆಯದೆ ಬಿಟ್ಟರೆ ಒಂದು ಕೇಪನ್ನು ತಪ್ಪಾಗಿ ಎಣಿಸಿದವರು ಅಪ್ಪಯ್ಯ ಎಂದಾಗುತ್ತಿತ್ತು. ಆದ್ದರಿಂದ ಬರೆದೆ.

ಆ ಭಾನುವಾರ ಅಮೆರಿಕನ್ ಶಿಷ್ಯ ಬಂದಾಗ, ಓದುವ ಅಭ್ಯಾಸಕ್ಕೆಂದು ಕರಡನ್ನೇ ಅವನ ಮುಂದಿಟ್ಟೆ. ಅವನು ಬೆರಳಿಟ್ಟು ಓದಿ ಮುಗಿಸಿ, ಮತ್ತೊಮ್ಮೆ ಓದಿದ.

"ತಾವು ತಮ್ಮ ತಮ್ಮನ ವಿರುದ್ಧ ಏಕೆ ಬರೆದಿದ್ದೀರಿ?"

"ವಿರುದ್ಧವಲ್ಲ. ನಡೆದದ್ದನ್ನು ಬರೆದಿದ್ದೇನೆ."

"ನಮ್ಮ ದೇಶದಲ್ಲಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ. ಅದು ಕೂಡ ಹಕ್ಕು."

"ನಮ್ಮಲ್ಲಿಯೂ ಇದೆ. ಆದರೆ ಕೋವಿ ಇಟ್ಟುಕೊಳ್ಳುವುದು ಹಕ್ಕಲ್ಲ. ಕೇಳಿಕೊಳ್ಳುವುದು. ಕೇಳಿಕೊಳ್ಳುವವನು ಪೂರ್ತಿ ಹೇಳಬೇಕು."

ಅವನು ತಲೆ ಅಲ್ಲಾಡಿಸಿದ. "ಮೃತ ತಂದೆಯವರ ಬಂದೂಕನ್ನು ಮಗನು ಕೇಳಿಕೊಳ್ಳುವುದು ನನಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಅದು ತಂದೆಯವರ ಕೈಗಡಿಯಾರದಂತೆ ಬರುತ್ತದೆ."

ಗಡಿಯಾರದ ಸದ್ದಿಗೆ ಕಾಗೆ ಹಾರಿಹೋಗುವುದಿಲ್ಲ ಎಂದೆ. ಅವನಿಗೆ ಮಂಗ, ಕಾಗೆಗಳ ಕಥೆ ಹೇಳಿ ನಗಿಸಿದೆ. ಆದರೆ ಅವನ ಪ್ರಶ್ನೆ ಉಳಿದುಕೊಂಡಿತು.

ಶಿರಸಿಯ ಉಪವಿಭಾಗ ಕಚೇರಿಯಲ್ಲಿ ಅರ್ಜಿಯ ವಿಚಾರಣೆ ನಡೆಯಿತು. ನಾನೂ ಜೊತೆಗೆ ಹೋದೆ. ಅಧಿಕಾರಿ ನನ್ನ ಬರಹವನ್ನು ಓದಿ, ಕನ್ನಡಕದ ಮೇಲಿನಿಂದ ತಮ್ಮನನ್ನು ನೋಡಿದರು.

"ಹತ್ತನೇ ದಿನ ಹೊಡೆದದ್ದು ಯಾರು?"

"ನಾನೇ ಸರ್."

"ಲೈಸೆನ್ಸ್ ಇತ್ತಾ?"

"ಇರಲಿಲ್ಲ ಸರ್."

"ಮತ್ತೆ?"

"ಮಂಗ ಅಪ್ಪಯ್ಯನ ಪಿಂಡಕ್ಕೆ ಕೈ ಹಾಕಿತ್ತು ಸರ್."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವರು ತಲೆ ತಗ್ಗಿಸಿ ಕೆಮ್ಮಿದರು. ಅಧಿಕಾರಿ ನಗಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು, "ಇದನ್ನು ಬರೆದವರು ಯಾರು?" ಎಂದು ಕೇಳಿದರು.

"ನಾನು" ಎಂದೆ.

"ಚೆನ್ನಾಗಿ ಬರೆದಿದ್ದೀರಿ. ಬರೆಯದೆ ಇದ್ದಿದ್ದರೆ ನಾನು ಕೇಳುತ್ತಿರಲಿಲ್ಲ. ಬರೆದ ಮೇಲೆ ನಾನು ಓದದ ಹಾಗೆ ಇರುವುದಕ್ಕಾಗುವುದಿಲ್ಲ."

ಎರಡು ತಿಂಗಳ ಬಳಿಕ ಆದೇಶ ಬಂತು. ಅರ್ಜಿ ತಿರಸ್ಕೃತವಾಗಿತ್ತು. ಮೊಕದ್ದಮೆ ಹೂಡಿರಲಿಲ್ಲ, ಒಂದು ವರ್ಷದ ಬಳಿಕ ಹೊಸದಾಗಿ ಅರ್ಜಿ ಸಲ್ಲಿಸಬಹುದೆಂಬ ಒಂದು ಸಾಲು ಕೊನೆಯಲ್ಲಿತ್ತು. ಆದೇಶದ ಭಾಷೆ ಸ್ಪಷ್ಟವಾಗಿತ್ತು, ತಕರಾರು ತೆಗೆಯಲು ಅದರಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಹಂದಿಗಳು ಗದ್ದೆಯನ್ನು ಉತ್ತಂತೆ ಮಾಡಿದ್ದವು. ತಮ್ಮ ಡಬ್ಬಿ ಬಡಿದ, ಪಟಾಕಿ ಹಚ್ಚಿದ, ಬೇಲಿಗೆ ಆಯಿಯ ಹಳೆಯ ಸೀರೆಗಳನ್ನು ಕಟ್ಟಿದ. ನಾಲ್ಕು ದಿನ ಹೆದರಿದ ಹಂದಿ ಐದನೆಯ ದಿನಕ್ಕೆ ಸೀರೆಯ ಕೆಳಗಿನಿಂದಲೇ ನುಗ್ಗಿತು. ಆ ವರ್ಷ ಮನೆಗೆ ಬಂದ ಭತ್ತ ಬೀಜಕ್ಕೆ ಸಾಕಾಗುವಷ್ಟು. ಅದೇ ಮೊದಲ ಸಲ ನಮ್ಮ ಮನೆಯವರು ಊಟದ ಅಕ್ಕಿಯನ್ನು ಅಂಗಡಿಯಿಂದ ತಂದರು.

ನಾನು ಆದೇಶದ ಪ್ರತಿಯನ್ನು ಹಿಡಿದುಕೊಂಡು ಹೋದ ದಿನ ತಮ್ಮ ಗದ್ದೆಯ ಬದುವಿನ ಮೇಲೆ ನಿಂತಿದ್ದ. ಓದಿ ಮಡಿಚಿ ನನ್ನ ಕೈಗೇ ಕೊಟ್ಟ.

"ಅಕ್ಕಾ, ಒಂದು ಕೇಪು. ಒಂದೇ ಒಂದು. ನಿಂಗೆ ಎಲ್ಲಾದ್ರಲ್ಲೂ ತಪ್ಪು ಹುಡುಕಿ ಕೆಂಪು ಗೆರೆ ಎಳ್ಯವು. ನನ್ನ ಗದ್ದೆ ನಿನ್ನ ಶಾಲೆ ಹುಡುಗರ ಉತ್ತರಪತ್ರಿಕೆ ಅಲ್ಲ."

"ಷರತ್ತು ಗೊತ್ತಿದ್ದೂ ಎರಡನೇ ದಿನ ನಿನ್ನ ಹತ್ರ ಹೇಳದ್ದೇ ಇದ್ದದ್ದು ನನ್ನ ತಪ್ಪು" ಎಂದೆ.

"ಅದನ್ನ ಬರದ್ಯಾ ಅದ್ರಲ್ಲಿ?" ಎಂದು ಕೇಳಿದ.

ಬರೆದಿರಲಿಲ್ಲ. ಒಂದೂವರೆ ಪುಟದಲ್ಲಿ ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಸೂತಕದ ಕಾರಣವನ್ನು "ಮನೆಯ ಹಿರಿಯರ ಅಭಿಪ್ರಾಯದಂತೆ" ಎಂದು ಬರೆದಿದ್ದೆ. ಹೊಡೆತವನ್ನು ಅರ್ಜಿದಾರನ ಹೆಸರಿನೊಡನೆ ಬರೆದಿದ್ದೆ. ನಡೆದದ್ದನ್ನೆಲ್ಲ ಬರೆದೆನೆಂದು ಅಮೆರಿಕನ್ನನಿಗೆ ಹೇಳಿದವಳು ನಾನು. ಆದೇಶವನ್ನು ಚೀಲಕ್ಕೆ ಹಾಕಿಕೊಂಡು ಶಿರಸಿಯ ಬಸ್ಸು ಹತ್ತಿದೆ. ಆಮೇಲೆ ಒಂದು ವರ್ಷ ಅವನು ನನ್ನೊಡನೆ ಮಾತನಾಡಲಿಲ್ಲ. ಹೋದಾಗ ಆಯಿ ಊಟ ಬಡಿಸುತ್ತಿದ್ದಳು, ಅವನು ಬಸ್ ನಿಲ್ದಾಣದವರೆಗೆ ಸೈಕಲ್ಲಿನಲ್ಲಿ ನನ್ನ ಚೀಲ ತಂದಿಡುತ್ತಿದ್ದ. ಮಾತು ಮಾತ್ರ ಇರಲಿಲ್ಲ.

ಅಮೆರಿಕನ್ ಶಿಷ್ಯ ಆ ನಡುವೆ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋದ. ಹೊರಡುವ ಮುನ್ನ, ತಮ್ಮನಿಗೆ ಲೈಸೆನ್ಸ್ ಸಿಕ್ಕಿತೇ ಎಂದು ಕೇಳಿದ. ಇಲ್ಲವೆಂದೆ. ಅವನು ತನ್ನ ದೇಶದ ರೀತಿಯೇ ಸರಿಯೆಂದು ಹೇಳಲಿಲ್ಲ. ಹೇಳಿದ್ದರೆ ಅಂದು ನಾನು ವಾದಿಸುತ್ತಿದ್ದೆನೆಂಬ ಖಾತರಿಯೂ ಇಲ್ಲ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ತಮ್ಮ ನಮ್ಮ ಶಾಲೆಯ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಹಾಳೆ. ಹೊಸ ಅರ್ಜಿಯ ಜೊತೆಗಿನ ವಿವರಣೆಯನ್ನು ತಾನೇ ಬರೆದಿದ್ದ. ಮುಕ್ಕಾಲು ಪುಟ. ಅಪ್ಪಯ್ಯ ಸತ್ತದ್ದು, ಕೋವಿ ಹದಿಮೂರು ದಿನ ಮನೆಯಲ್ಲೇ ಇದ್ದದ್ದು, ಮಂಗ, ಕಾಗೆ, ಒಂದು ಕೇಪು. ಯಾವುದನ್ನೂ ಬಿಟ್ಟಿರಲಿಲ್ಲ. ಕೊನೆಯಲ್ಲಿ, "ನನಗೆ ಷರತ್ತು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕಾಗಿತ್ತು, ಈಗ ಓದಿದ್ದೇನೆ" ಎಂದಿತ್ತು. ನನ್ನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

"ನೋಡಿ ಕೊಡು" ಎಂದ.

ಹಾಳೆಯ ತುಂಬ ತಪ್ಪುಗಳಿದ್ದವು. ಕೆಂಪು ಪೆನ್ನು ಸೆರಗಿನ ಪಿನ್ನಿನ ಬಳಿಯೇ ಸಿಕ್ಕಿಸಿತ್ತು. ನಾನು ನೀಲಿ ಪೆನ್ನು ತೆಗೆದು, ಅವನ ಸಾಲುಗಳನ್ನು ಮುಟ್ಟದೆ, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಷರತ್ತು ಅರ್ಜಿದಾರರ ಅಕ್ಕನಾದ ನನಗೆ ತಿಳಿದಿತ್ತು, ತಿಳಿದೂ ಹೇಳದೆ ಇದ್ದವಳು ನಾನು. ಸಹಿ ಹಾಕಿದೆ. ಅವನು ಓದಿ, "ಇದ್ರಿಂದ ಲೈಸೆನ್ಸ್ ಕೊಡದಿದ್ರೆ?" ಎಂದ.

"ಬೇಲಿಗೆ ನನ್ನ ಸೀರೆನೂ ಕಟ್ಟು" ಎಂದೆ. ವರ್ಷದ ಬಳಿಕ ಅವನು ನನ್ನೆದುರು ನಕ್ಕ.

ಈ ಸಲ ವಿಚಾರಣೆಗೆ ಬೇರೆ ಅಧಿಕಾರಿ ಇದ್ದರು. ಹಳೆಯ ಕಡತ ತರಿಸಿ, ಎರಡು ವಿವರಣೆಗಳನ್ನೂ ಅಕ್ಕಪಕ್ಕ ಇಟ್ಟು ಓದಿದರು. ಎರಡರಲ್ಲಿಯೂ ಒಂದೇ ಸಂಗತಿ ಇರುವುದನ್ನು ಕಂಡರೋ, ಪೊಲೀಸ್ ಮತ್ತು ಅರಣ್ಯ ಇಲಾಖೆಯ ವರದಿಗಳು ಅನುಕೂಲವಾಗಿದ್ದವೋ ನಾನು ಅರಿಯೆ. ಲೈಸೆನ್ಸ್ ಮಂಜೂರಾಯಿತು. ತಮ್ಮ ಠಾಣೆಯಿಂದ ಕೋವಿ, ಮದ್ದು, ಕೇಪು ಎಲ್ಲ ಬಿಡಿಸಿಕೊಂಡು ಬಂದ. ಅಪ್ಪಯ್ಯನ ಕಾಲದ ಪಂಚೆಯೇ ಕೋವಿಯ ಮೈಮೇಲಿತ್ತು. ಆಯಿ ಅದನ್ನು ಹಳೆಯ ಮೊಳೆಗೇ ತೂಗುಹಾಕಿಸಿದಳು.

ಹತ್ತೊಂಬತ್ತನೆಯ ದಿನ ಚುನಾವಣೆ ಘೋಷಣೆಯಾಯಿತು.

"ಇಪ್ಪತ್ತಾದ್ರೂ ಪೂರ್ತಿ ಮಾಡ್ಲಾಗಿತ್ತು" ಎಂದು ತಮ್ಮ ಗೊಣಗಿದ. ಆದರೆ ಮರುದಿನ ಬೆಳಗಿನ ಬಸ್ಸಿಗೇ ಹೊರಟ. ನನಗೆ ಅಂದು ರಜೆ. ಸಿದ್ದಾಪುರದ ಠಾಣೆಯ ಎದುರು ಅವನನ್ನು ಸೇರಿಕೊಂಡೆ. ನನಗೆ ಅಲ್ಲಿ ಒಂದು ಕೆಲಸವಿತ್ತು. ಅಮೆರಿಕನ್ನನಿಂದ ಪತ್ರ ಬಂದಿತ್ತು. ಚುನಾವಣೆಗೆ ಮೊದಲು ಊರಿಗೆ ಊರೇ ಬಸ್ಸು ಹತ್ತಿ ಹೋಗಿ ಬಂದೂಕುಗಳನ್ನು ಒಪ್ಪಿಸಿ ಬರುತ್ತದೆ ಎಂದರೆ ಅವನ ತಂದೆ ನಂಬಲಿಲ್ಲವಂತೆ. "ತಾವು ದಯವಿಟ್ಟು ಒಂದು ರಸೀದಿಯ ಪ್ರತಿಯನ್ನು ಕಳುಹಿಸಬೇಕು" ಎಂದು ಅವನು ಬರೆದಿದ್ದ. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ.

ಸಾಲಿನಲ್ಲಿ ನಮ್ಮ ಮುಂದೆ ನೆರೆಮನೆಯ ಭಾವ ನಿಂತಿದ್ದರು. ಪತ್ರದ ವಿಷಯ ಕೇಳಿ, "ಅವನ ಅಪ್ಪಂಗೆ ಹೇಳು, ಬೇಕಾದ್ರೆ ಅವ್ರ ಆರೂ ಕೋವಿ ಇಲ್ಲಿಗೇ ತಂದುಕೊಡ್ಲಿ. ಜಾಗ ಇದ್ದು" ಎಂದರು. ಒಳಗೆ ಗೋಡೆಯುದ್ದಕ್ಕೂ ಚೀಟಿ ಕಟ್ಟಿದ ನಳಿಗೆಗಳು ಒರಗಿದ್ದವು.

ತಮ್ಮನ ಸರದಿ ಬಂತು. ಕೋವಿ, ಕೇಪುಗಳನ್ನು ಒಪ್ಪಿಸಿದ, ಸಹಿ ಹಾಕಿದ, ರಸೀದಿ ಪಡೆದ. ಮೊದಲ ಬಾರಿಗೆ ಅದರ ಮೇಲೆ ಅವನ ಹೆಸರಿತ್ತು. ಜೇಬಿಗೆ ಇಟ್ಟುಕೊಳ್ಳುವ ಮುನ್ನ ಅದನ್ನು ನನ್ನ ಕಡೆಗೆ ಚಾಚಿದ.

"ಮೊದ್ಲು ಓದಿ ನೋಡು. ತಪ್ಪಿದ್ರೆ ಈಗ್ಲೇ ಹೇಳು. ಹದಿಮೂರು ದಿನ ಕಳೆದ್ಮೇಲೆ ಅಲ್ಲ."

ನಾನು ಹೆಸರು, ನಂಬರು, ತಾರೀಕು ಮೂರನ್ನೂ ನಿಧಾನವಾಗಿ ಓದಿದೆ. ಕೇಪುಗಳ ಸಾಲಿನಲ್ಲಿ ಇಪ್ಪತ್ತೆರಡು ಎಂದಿತ್ತು.

"ಸರಿ ಇದ್ದು" ಎಂದೆ. ಎದುರಿನ ಅಂಗಡಿಯಲ್ಲಿ ಎರಡು ಜೆರಾಕ್ಸ್ ಮಾಡಿಸಿ, ಚಹಾ ಕುಡಿದೆವು.